ಕುನಿಯೋಶಿಯ ಅಸ್ಥಿಪಂಜರ, ಬೆಕ್ಕು, ಭೂತಗಳು: ಹಳೆಯ ಜಪಾನಿ ಮರದಚ್ಚು ಚಿತ್ರ ಅಸಲಿಯೋ ಮರುಮುದ್ರಣವೋ ಗುರುತಿಸುವ ಬಗೆ (ಹಲವರ ಚರ್ಚೆ; ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು)

ಮರದಚ್ಚು:

ಬಿದಿರಿನ ಪರದೆ ಹರಿದುಕೊಂಡು ಒಳಗೆ ಬಗ್ಗಿ ನೋಡುವ ಭಾರೀ ಅಸ್ಥಿಪಂಜರ. ಟೀ ಶರ್ಟು, ಫೋನ್ ಕವರು, ಗೇಮುಗಳ ಪೋಸ್ಟರು ಅಂತ ಎಲ್ಲ ಕಡೆ ಓಡಾಡುತ್ತಿರುವ ಈ ಚಿತ್ರ ಉತಾಗಾವಾ ಕುನಿಯೋಶಿಯದು (1798–1861). ಈಗ ಟೋಕಿಯೊ ಆಗಿರುವ ಎದೋ ಪಟ್ಟಣದಲ್ಲಿ 1840ರ ದಶಕದ ನಡುಭಾಗದಲ್ಲಿ ಮೂರು ಹಾಳೆಗಳ ಮರದಚ್ಚು ಚಿತ್ರವಾಗಿ ಬಂದದ್ದು. ಆನ್‌ಲೈನ್ ಹರಾಜುಗಳಲ್ಲಿ ಇದೇ ಚಿತ್ರ 'ಪುರಾತನ', 'ಅಸಲಿ' ಎಂಬ ಹಣೆಪಟ್ಟಿ ಕಟ್ಟಿಕೊಂಡು ಮತ್ತೆ ಮತ್ತೆ ಬರುತ್ತದೆ. ಹಾಗೆ ಬರುವುದರಲ್ಲಿ ನಾಲ್ಕು ಬಗೆ: ಕುನಿಯೋಶಿಯ ಕಾಲದಲ್ಲಿ ಚಿತ್ರ ಕೆತ್ತಿದ ಮರದ ಹಲಗೆಯಿಂದ ಆಗಲೇ ಒತ್ತಿದ್ದು, ಅದೇ ಹಲಗೆ ಸವೆದ ಮೇಲೆ ಒತ್ತಿದ್ದು, ಹೊಸದಾಗಿ ಹಲಗೆ ಕೆತ್ತಿ ಕೈಯಲ್ಲೇ ಒತ್ತಿದ್ದು, ಕೊನೆಯದಾಗಿ ಕ್ಯಾಮೆರಾ ಮತ್ತು ಯಂತ್ರದಿಂದ ಅಚ್ಚಾದದ್ದು.

ಚಿತ್ರ ನೋಡಿ ಇವುಗಳನ್ನು ಬೇರೆ ಮಾಡಲಾಗದು. ನಾಲ್ಕರಲ್ಲೂ ಚಿತ್ರ ಒಂದೇ. ಬೇರೆ ಮಾಡುವುದು ಕಾಗದ, ಗೆರೆ ಮತ್ತು ಮುದ್ರೆ.

ಬೇಕಾಗುವ ಸಾಮಾನು ಕಡಿಮೆ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಸಣ್ಣ ಟಾರ್ಚ್, ಮಿಲಿಮೀಟರ್ ಅಳತೆಪಟ್ಟಿ, ಹಾಳೆಯಡಿಗೆ ಇಡಲು ಶುಭ್ರವಾದ ಬಿಳಿ ಕಾಗದ. ಸೋಪಿನಲ್ಲಿ ತೊಳೆದು ಒಣಗಿಸಿದ ಬರಿಗೈ ಸಾಕು. ಹತ್ತಿಯ ಕೈಗವಸು ಹಾಕಿದರೆ ಸ್ಪರ್ಶ ಮಂದವಾಗಿ ಅಂಚು ಮಡಚಿಹೋಗುತ್ತದೆ.

ಮೊದಲು ಹಾಳೆ ತಿರುಗಿಸಿ ಹಿಂಬದಿ ನೋಡಿ. ಕೈಯಲ್ಲಿ ಒತ್ತಿದ್ದಾದರೆ ಬಣ್ಣ ನಾರಿನೊಳಗೆ ಇಳಿದು ಹಿಂದೆ ಮಸುಕಾಗಿ ಕಾಣುತ್ತದೆ. ಬಾರೆನ್ ಅಂದರೆ ಬಿದಿರಿನ ಹಾಳೆ ಸುತ್ತಿದ ದುಂಡನೆಯ ಒತ್ತುಬಿಲ್ಲೆ. ಅದನ್ನು ಉಜ್ಜಿದ ಬಿಲ್ಲುಗೆರೆಗಳೂ ಅಲ್ಲಿ ಸಿಗುತ್ತವೆ. ಯಂತ್ರದ ಅಚ್ಚಿನ ಹಿಂಬದಿ ಕೋರಾ ಬಿಳಿ. ಆಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಹಾಳೆಯ ಅಂಚಿಗೆ ಸಮತಟ್ಟಾಗಿ ಹಿಡಿದು ಮುಂಬದಿ ನೋಡಿ. ಹಲಗೆ ಒತ್ತಿದ ಕಡೆ ಗೆರೆಗಳು ಕಾಗದದಲ್ಲಿ ಕೊಂಚ ತಗ್ಗಿರಬೇಕು. ಬಣ್ಣವಿಲ್ಲದೆ ಬರಿಯ ಉಬ್ಬುತಗ್ಗಿನಿಂದ ಮಾಡಿದ ಕರಾಜುರಿ ವಿನ್ಯಾಸವಿದ್ದರೆ, ಉದಾಹರಣೆಗೆ ಬೆಕ್ಕಿನ ಬಿಳಿ ಮೈಯ ರೋಮ, ಈ ಓರೆ ಬೆಳಕಿನಲ್ಲಿ ಮಾತ್ರ ಎದ್ದು ಕಾಣುತ್ತದೆ.

ಮೂರು ಹಾಳೆಯ ಚಿತ್ರಕ್ಕೆ ಇನ್ನೊಂದು ಪರೀಕ್ಷೆ ಇದೆ. ಒಂದೊಂದು ಹಾಳೆಯೂ ಬೇರೆ ಹಲಗೆ, ಬೇರೆ ಒತ್ತು. ಹಾಗಾಗಿ ಕೂಡುವ ಅಂಚಿನಲ್ಲಿ ಕಪ್ಪಿನ ಗಾಢತೆ, ನೀಲಿಯ ಛಾಯೆ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಒಂದೇ ಅಗಲ ಕಾಗದದಲ್ಲಿ ಮೂರೂ ಭಾಗ ಅಚ್ಚಾಗಿ ನಡುವೆ ಸಣ್ಣ ಗೆರೆ ಮಾತ್ರ ಇದ್ದರೆ ಅದು ಈಚಿನ ಪ್ರತಿ. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಅಂಚುಗೆರೆ:

ಭೂತಗನ್ನಡಿಯಲ್ಲಿ ಏನು ಕಾಣಬೇಕು ಅನ್ನುವುದನ್ನು ಸೇರಿಸುತ್ತೇನೆ. ಮಾರುವವರ ಫೋಟೋದಲ್ಲಿ ಇದು ಎಂದೂ ಕಾಣುವುದಿಲ್ಲ, ಹತ್ತಿರದ ಚಿತ್ರ ಕೇಳಿ ತರಿಸಿಕೊಳ್ಳಬೇಕು. ಚಿತ್ರದ ಬೂದು ಅಥವಾ ಚರ್ಮದ ಬಣ್ಣದ ಭಾಗವನ್ನೇ ಕೇಳಿ, ಕಪ್ಪು ಭಾಗ ಬೇಡ. ತಿಳಿ ಬಣ್ಣದಲ್ಲೇ ಗುಟ್ಟು ಬಯಲಾಗುವುದು.

ಆಫ್‌ಸೆಟ್ ಯಂತ್ರದ ಅಚ್ಚಾಗಿದ್ದರೆ ನೀಲಿ, ಕೆನ್ನೇರಳೆ, ಹಳದಿ, ಕಪ್ಪು ಚುಕ್ಕೆಗಳು ಹೂವಿನ ಎಸಳಿನಂತೆ ವೃತ್ತವಾಗಿ ಕೂತಿರುತ್ತವೆ. ಇಂಕ್‌ಜೆಟ್‌ನಲ್ಲಿ ಆ ಹೂವು ಇರುವುದಿಲ್ಲ, ಅಡ್ಡಾದಿಡ್ಡಿ ಸಿಂಪಡಿಸಿದ ಸೂಕ್ಷ್ಮ ಹನಿಗಳಿರುತ್ತವೆ. ಕಪ್ಪು ಗೆರೆಯ ಅಂಚಿನಲ್ಲೂ ಬೇರೆ ಬಣ್ಣದ ಹನಿ ಸಿಗುತ್ತದೆ. ಜನ ಮೋಸಹೋಗುವುದು ಕಾಲೋಟೈಪ್‌ನಲ್ಲಿ, ಅಂದರೆ ಜೆಲಟಿನ್ ಹಚ್ಚಿದ ಫಲಕದಿಂದ ಒತ್ತುವ ಹಳೆಯ ಫೋಟೋ ಮುದ್ರಣದಲ್ಲಿ. ಅದರಲ್ಲಿ ಚುಕ್ಕೆ ಇಲ್ಲ. ಜೆಲಟಿನ್ ಒಣಗಿ ಸುಕ್ಕಾದಂತಹ, ಹುಳ ಹರಿದಂತೆ ಕಾಣುವ ಸಣ್ಣ ಜಾಲ ಇರುತ್ತದೆ. 20ನೇ ಶತಮಾನದ ಮೊದಲರ್ಧದಲ್ಲಿ ಕಾಲೋಟೈಪ್ ಗೆರೆಗಳ ಮೇಲೆ ಮರದ ಹಲಗೆಯಿಂದ ಬಣ್ಣ ಒತ್ತಿದ ಮಿಶ್ರ ಪ್ರತಿಗಳೂ ಬಂದಿವೆ. ಬಣ್ಣ ಮಾತ್ರ ನೋಡಿದರೆ ಅಸಲಿ ಅನ್ನಿಸುತ್ತದೆ, ಆದ್ದರಿಂದ ಕಪ್ಪು ಗೆರೆಯನ್ನೂ ಬಣ್ಣವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ.

ನಿಜವಾದ ಮರದಚ್ಚಿನಲ್ಲಿ ಒಂದು ಬಣ್ಣ ಅಂದರೆ ಒಂದೇ ಬಣ್ಣ. ಕಾಗದದ ಉದ್ದ ನಾರುಗಳ ನಡುವೆ ಅದು ಇಂಗಿರುತ್ತದೆ. ದೊಡ್ಡ ಬಣ್ಣದ ಹರವಿನಲ್ಲಿ ಮರದ ಎಳೆಯ ಗುರುತೂ ಕಂಡೀತು. ಗಾಢ ಕಪ್ಪಿನಲ್ಲಿ ಅಲ್ಲಲ್ಲಿ ಹುಡಿಹುಡಿ ಬಿಟ್ಟಂತೆ ಇರುವುದು ಬಣ್ಣದ ಜೊತೆ ಗಂಜಿ ಅಂಟು ಕಡಿಮೆ ಬಿದ್ದಾಗ ಆಗುವುದು, ಅದು ದೋಷ ಹೌದು, ಆದರೆ ಕೈಕೆಲಸದ ದೋಷ.

ನೇಕೋಮಾತಾ:

ಹಿಂಬದಿಯಲ್ಲಿ ಬಾರೆನ್ ಗುರುತು ಇದ್ದರೆ ಹಳೆಯದು ಅಂತ ಖಚಿತ ಮಾಡಿಕೊಳ್ಳಬಹುದಾ? ಬಹಳ ಕಡೆ ಹಾಗೇ ಬರೆದಿರುತ್ತಾರೆ.

ಮರದಚ್ಚು:

ಇಲ್ಲ. ಬಾರೆನ್ ಗುರುತು ಹೇಳುವುದು 'ಕೈಯಲ್ಲಿ ಒತ್ತಿದ್ದು' ಎಂಬುದನ್ನು ಮಾತ್ರ. ಯಾವಾಗ ಒತ್ತಿದ್ದು ಎಂಬುದನ್ನಲ್ಲ. ಮರದಚ್ಚು ಸಂಸ್ಥೆಗಳಾದ ಕ್ಯೋತೋದ ಉನ್‌ಸೋದೋ 1891ರಿಂದ, ಟೋಕಿಯೊದ ಅದಾಚಿ 1928ರಿಂದ ಇದೇ ಕೆಲಸದಲ್ಲಿವೆ. ಚೆರ್ರಿ ಮರದ ಹಲಗೆ, ಕೋಜೋ ಎಂಬ ಗಿಡದ ತೊಗಟೆ ನಾರಿನಿಂದ ಮಾಡಿದ ಹೋಶೋ ಕಾಗದ, ಬಾರೆನ್, ಎಲ್ಲ ಹಳೆಯ ಕ್ರಮದಲ್ಲೇ ಇಟ್ಟುಕೊಂಡು ಮರುಕೆತ್ತನೆ ಮಾಡುತ್ತಾರೆ. ಕೆಲಸ ಬಹಳ ಚೆನ್ನಾಗಿರುತ್ತದೆ, ಮರುಕೆತ್ತನೆ ಅಂತ ಹೇಳಿಯೇ ಮಾರುತ್ತಾರೆ. ತೊಂದರೆ ಶುರುವಾಗುವುದು ಎರಡನೇ, ಮೂರನೇ ಕೈಗೆ ಹೋದಾಗ. ಅಂಚಿನ ಬಿಳಿ ಭಾಗದಲ್ಲಿ ಪ್ರಕಾಶಕರ ಹೆಸರೋ ಮುದ್ರೆಯೋ ಇರುತ್ತದೆ. ಯಾರೋ ಆ ಅಂಚನ್ನು ಕತ್ತರಿಸಿ ಚೌಕಟ್ಟು ಹಾಕಿದರೆ ಮರುಕೆತ್ತನೆ 'ಎದೋ ಕಾಲದ್ದು' (1868ಕ್ಕೆ ಮುಂಚಿನದು) ಆಗಿಬಿಡುತ್ತದೆ.

ಗುರುತು ಹಿಡಿಯಲು ಕಾಗದ ಹಿಡಿದು ನೋಡಿ. ಮರುಕೆತ್ತನೆಯ ಹೋಶೋ ಸಾಮಾನ್ಯವಾಗಿ ದಪ್ಪ, ಮೆತ್ತಗೆ, ಒಂದೇ ಸಮ ಕೆನೆಬಿಳಿ. 1840ರ ದಶಕದ ಮಾರುಕಟ್ಟೆ ಕಾಗದ ಅದಕ್ಕಿಂತ ತೆಳು. ಕಿಟಕಿಗೆ ಹಿಡಿದರೆ ಕಾಗದ ಎತ್ತಿದ ಬಿದಿರು ಚಾಪೆಯ ಗೆರೆಗಳು, ಅಲ್ಲಲ್ಲಿ ಬಿಡಿಸದ ನಾರಿನ ಗಂಟು, ತೊಗಟೆಯ ಚೂರು ಕಾಣುತ್ತವೆ. ಆಗ ಹೆಚ್ಚು ಬಳಕೆಯಲ್ಲಿದ್ದ ಓಬಾನ್ ಎಂಬ ಗಾತ್ರದ ಹಾಳೆಯ ಅಳತೆ ಸುಮಾರು 39 × 26 ಸೆಂ.ಮೀ., ಅಂಚು ಕತ್ತರಿಸಿದ್ದರೆ 36 × 25ಕ್ಕೆ ಇಳಿದಿರುತ್ತದೆ. 30 × 20 ಅಂತ ಇದ್ದರೆ ಕುಗ್ಗಿಸಿದ ಪ್ರತಿ. ಓಬಾನ್ ಹಲಗೆಯಿಂದ ಚಿಕ್ಕ ಚಿತ್ರ ಬರುವುದು ಸಾಧ್ಯವಿಲ್ಲ.

ಹಳೆಯ ಹಾಳೆಗಳನ್ನು ಆ ಕಾಲದಲ್ಲೇ ಆಲ್ಬಮ್ಮಿಗೆ ಅಂಟಿಸುತ್ತಿದ್ದರು, ಹೊಲಿಯುತ್ತಿದ್ದರು. ಒಂದು ಬದಿಯಲ್ಲಿ ಸಾಲಾಗಿ ಸೂಜಿ ತೂತು, ಹಿಂದೆ ತೆಳು ಕಾಗದದ ಅಸ್ತರು, ನಡುವೆ ಮಡಿಕೆ ಇದ್ದರೆ ಹೆದರಬೇಕಾಗಿಲ್ಲ. ಆದರೆ ಮಡಿಕೆ, ತೂತು, ಕಲೆ ಇವೆಲ್ಲ ಫೋಟೋ ಪ್ರತಿಯಲ್ಲಿ 'ಅಚ್ಚಾಗಿಯೂ' ಬರುತ್ತವೆ. ಬೆರಳ ತುದಿ ಆಡಿಸಿ: ಕಣ್ಣಿಗೆ ಮಡಿಕೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ ಅಂದರೆ ಅದು ಬೇರೆ ಯಾವುದೋ ಹಾಳೆಯ ಮಡಿಕೆಯ ಫೋಟೋ.

ಎದೋಬೀದಿ:

ಕಾಲ ಗೊತ್ತುಮಾಡಲು ನನಗೆ ಎಲ್ಲಕ್ಕಿಂತ ಗಟ್ಟಿ ಆಧಾರ ಅನ್ನಿಸುವುದು ಪರಿಶೀಲನಾ ಮುದ್ರೆ. ಎದೋದಲ್ಲಿ ಮಾರಾಟಕ್ಕೆ ಬರುವ ಚಿತ್ರದ ಕರಡನ್ನು ಮೊದಲು ಪರಿಶೀಲನೆಗೆ ಕೊಡಬೇಕಿತ್ತು. ಒಪ್ಪಿಗೆಯ ಮುದ್ರೆಯನ್ನೂ ಹಲಗೆಯಲ್ಲೇ ಕೆತ್ತುತ್ತಿದ್ದರು. ಆ ಮುದ್ರೆಯ ರೂಪ ಕಾಲಕಾಲಕ್ಕೆ ಬದಲಾಗಿದೆ, ಅದೇ ನಮಗೆ ಕ್ಯಾಲೆಂಡರು.

1790ರ ಸುಮಾರಿನಿಂದ 1842ರವರೆಗೆ ಒಂದೇ ಸಣ್ಣ ದುಂಡು ಮುದ್ರೆ, ಒಳಗೆ 'ಕಿವಾಮೆ' (ಒಪ್ಪಿಗೆ) ಎಂಬ ಅಕ್ಷರ. 1843ರಿಂದ 1847ರವರೆಗೆ ನಾನೂಶಿ ಎಂಬ ಪೇಟೆ ಮುಖ್ಯಸ್ಥರಲ್ಲಿ ಒಬ್ಬನ ಹೆಸರಿನ ಒಂದು ಮುದ್ರೆ. 1847ರಿಂದ 1852ರವರೆಗೆ ಇಬ್ಬರು ನಾನೂಶಿಗಳ ಎರಡು ಮುದ್ರೆ, ಪಕ್ಕಪಕ್ಕ ಅಥವಾ ಮೇಲೆ ಕೆಳಗೆ. 1852–53ರಲ್ಲಿ ಆ ಎರಡರ ಜೊತೆ ಮೂರನೆಯದಾಗಿ ತಿಂಗಳಿನ ಮುದ್ರೆ. 1853ರ ಕೊನೆಯಿಂದ 1857ರವರೆಗೆ 'ಅರಾತಾಮೆ' (ಪರಿಶೀಲಿಸಿದೆ) ಎಂಬ ಮುದ್ರೆ ಒಂದು, ತಿಂಗಳಿನ ಮುದ್ರೆ ಇನ್ನೊಂದು. 1858ರಲ್ಲಿ ತಿಂಗಳಿನ ಮುದ್ರೆ ಮಾತ್ರ. 1859ರಿಂದ 1870ರ ದಶಕದ ಆರಂಭದವರೆಗೆ ಅರಾತಾಮೆಯೂ ತಿಂಗಳೂ ಒಂದೇ ದುಂಡಿನೊಳಗೆ ಸೇರಿವೆ. 1875ರ ಹೊತ್ತಿಗೆ ಈ ಪದ್ಧತಿ ನಿಂತು, ಅಂಚಿನಲ್ಲಿ ಚಿತ್ರಕಾರನ, ಪ್ರಕಾಶಕನ ಹೆಸರು ವಿಳಾಸ ಮತ್ತು ತಾರೀಕು ಬರತೊಡಗಿದವು.

ತಿಂಗಳಿನ ಮುದ್ರೆಯಲ್ಲಿ ಮೇಲೆ ವರ್ಷದ ಪ್ರಾಣಿ, ಕೆಳಗೆ ತಿಂಗಳ ಸಂಖ್ಯೆ. ಇಲಿ 1852, ಎತ್ತು 1853, ಹುಲಿ 1854, ಮೊಲ 1855, ಡ್ರ್ಯಾಗನ್ 1856, ಹಾವು 1857, ಕುದುರೆ 1858, ಆಡು 1859, ಕೋತಿ 1860, ಕೋಳಿ 1861. 12 ವರ್ಷಕ್ಕೆ ಪ್ರಾಣಿ ಮರಳಿ ಬರುವುದರಿಂದ 1864 ಕೂಡ ಇಲಿಯೇ. ಯಾವುದು ಅಂತ ತೀರ್ಮಾನಿಸುವುದು ಮುದ್ರೆಯ ರೂಪ: ಜೊತೆಗೆ ಎರಡು ನಾನೂಶಿ ಮುದ್ರೆ ಇದ್ದರೆ 1852, ಎಲ್ಲ ಒಂದೇ ದುಂಡಿನಲ್ಲಿದ್ದರೆ 1864.

ಇಲ್ಲಿ ಎಡವುವ ಜಾಗ ಎರಡು. ಮೊದಲ ತಿಂಗಳಿಗೆ ಒಂದು ಅಡ್ಡಗೆರೆ ಹುಡುಕಬೇಡಿ, ಅದಕ್ಕೆ 'ಶೋ' ಎಂಬ ಬೇರೆಯೇ ಅಕ್ಷರ. ಇನ್ನೊಂದು, ಅಧಿಕಮಾಸ. ನಮ್ಮ ಪಂಚಾಂಗದಂತೆ ಅಲ್ಲೂ ಚಾಂದ್ರಮಾನ ಇದ್ದದ್ದರಿಂದ 1852ರಲ್ಲಿ ಅಧಿಕ ಎರಡನೇ ತಿಂಗಳು, 1854ರಲ್ಲಿ ಅಧಿಕ ಏಳನೇ ತಿಂಗಳು, 1857ರಲ್ಲಿ ಅಧಿಕ ಐದನೇ ತಿಂಗಳು ಬಂದಿವೆ. ಆಗ ಮುದ್ರೆಯಲ್ಲಿ 'ಉರೂ' ಎಂಬ ಇನ್ನೊಂದು ಅಕ್ಷರ ಸೇರಿ ಇಕ್ಕಟ್ಟಾಗುತ್ತದೆ. ಓದಲಾಗದ ಮುದ್ರೆ ಅಂತ ಬಿಟ್ಟುಬಿಡುವವುಗಳಲ್ಲಿ ಬಹಳಷ್ಟು ಇವೇ.

ಮುದ್ರೆ ಚಿತ್ರದ ಕಾಲ ಹೇಳುತ್ತದೆ, ಪ್ರತಿಯ ಕಾಲವನ್ನಲ್ಲ. ಮರುಕೆತ್ತನೆಯವರು ಮುದ್ರೆಯನ್ನೂ ಕೆತ್ತುತ್ತಾರೆ. ಹಾಗಾಗಿ ಮುದ್ರೆ ಸರಿಯಿದೆ ಅನ್ನುವುದು ಸಾಲದು. ಮುದ್ರೆಗೂ ಕಾಗದಕ್ಕೂ ಬಣ್ಣಕ್ಕೂ ತಾಳೆ ಬೀಳಬೇಕು. ಆದರೆ ಮುದ್ರೆ ತಪ್ಪಾಗಿದ್ದರೆ, ಅಂದರೆ 1830ರ ಚಿತ್ರ ಅಂತ ಹೇಳಿ ಎರಡು ನಾನೂಶಿ ಮುದ್ರೆ ಇದ್ದರೆ, ಆ ವಿವರಣೆ ಖಂಡಿತ ಸುಳ್ಳು.

ಕಡಲತಡಿ:

ಮುದ್ರೆಯೇ ಇಲ್ಲದ ಹಾಳೆ ಇದ್ದರೆ ನಕಲು ಅಂತಲೇ ಅರ್ಥವೇ? ಬೆಕ್ಕುಮೀನಿನ ಚಿತ್ರವೊಂದರಲ್ಲಿ ಚಿತ್ರಕಾರನ ಹೆಸರೂ ಇಲ್ಲ, ಮುದ್ರೆಯೂ ಇಲ್ಲ.

ಎದೋಬೀದಿ:

ಬೆಕ್ಕುಮೀನಾದರೆ ಮುದ್ರೆ ಇಲ್ಲದಿರುವುದೇ ಸಹಜ. 1855ರ ನವೆಂಬರ್ 11ರಂದು ಎದೋದಲ್ಲಿ ದೊಡ್ಡ ಭೂಕಂಪವಾಯಿತು. ನೆಲದಡಿಯ ಭಾರೀ ಬೆಕ್ಕುಮೀನು ಮೈ ಕೊಡವಿದರೆ ಭೂಕಂಪ, ಕಾಶಿಮಾ ದೇವರು ಕಾನಾಮೆಇಶಿ ಎಂಬ ಕಲ್ಲಿನಿಂದ ಅದನ್ನು ಅದುಮಿ ಹಿಡಿದಿರುತ್ತಾನೆ ಎಂಬ ನಂಬಿಕೆ ಅಲ್ಲಿತ್ತು. ಕೆಲವೇ ವಾರಗಳಲ್ಲಿ ನಾಮಾಜು, ಅಂದರೆ ಬೆಕ್ಕುಮೀನಿನ, ಚಿತ್ರಗಳು ಬೀದಿ ತುಂಬ ಬಂದವು. ಜನರೆಲ್ಲ ಸೇರಿ ಮೀನನ್ನು ಬಡಿಯುವುದು, ಮನೆ ಕಟ್ಟುವ ಬಡಗಿಗಳು, ಗಾರೆಯವರು ಅದಕ್ಕೆ ಉಪಚಾರ ಮಾಡುವುದು, ಮೀನೇ ಸಿರಿವಂತರ ಹೊಟ್ಟೆಯಿಂದ ಚಿನ್ನದ ನಾಣ್ಯ ಕಕ್ಕಿಸುವುದು. ಹೆಚ್ಚುಕಡಿಮೆ ಎಲ್ಲವೂ ಪರಿಶೀಲನೆಗೆ ಹೋಗದೆ, ಹೆಸರಿಲ್ಲದೆ ಅಚ್ಚಾದವು. ಸುಮಾರು ಎರಡು ತಿಂಗಳಲ್ಲಿ ಸರ್ಕಾರ ತಡೆದು ಹಲಗೆ ನಾಶಮಾಡಿಸಿತು. ಆದ್ದರಿಂದ ನಾಮಾಜು ಚಿತ್ರದಲ್ಲಿ ಅಚ್ಚುಕಟ್ಟಾದ ಮುದ್ರೆ ಕಂಡರೆ ಅನುಮಾನಪಡಿ.

ಕವಾರಾಬಾನ್ ಎಂಬ ಬೀದಿ ಸುದ್ದಿಹಾಳೆಗಳೂ ಹಾಗೆಯೇ. 2020ರಲ್ಲಿ ಸಾಂಕ್ರಾಮಿಕ ಬಂದಾಗ ಜಪಾನಿನ ಎಲ್ಲರ ಫೋನಿನಲ್ಲೂ ಇದ್ದ ಅಮಾಬಿಯೆ, ಕೊಕ್ಕು, ಉದ್ದ ಕೂದಲು, ಮೂರು ಬಾಲದ ಆ ಜಲಜೀವಿ, 1846ರ ಅಂಥ ಒಂದು ಹಾಳೆಯಿಂದ ಬಂದದ್ದು. ಹಾಳೆ ಕ್ಯೋತೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಒಂದೇ ಬಣ್ಣ, ಒರಟು ಕೆತ್ತನೆ. ಬಹುವರ್ಣದ 'ಹಳೆಯ ಅಮಾಬಿಯೆ' ಅಂತ ಯಾರಾದರೂ ಮಾರಿದರೆ ಅದು ಈಚಿನ ಚಿತ್ರ.

ನೇಕೋಮಾತಾ:

ಅಸ್ಥಿಪಂಜರಕ್ಕೂ ಇಂಥದೇ ಒಂದು ಗೊಂದಲ ಇದೆ. ಈ ಚಿತ್ರವನ್ನು 'ಪುರಾಣದ ಗಾಶಾದೊಕುರೊ (ಭಾರೀ ಅಸ್ಥಿಪಂಜರದ) ಭೂತ' ಅಂತ ಮಾರುತ್ತಾರೆ. ಗಾಶಾದೊಕುರೊ ಎದೋ ಕಾಲದ ಭೂತವೇ ಅಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ಮಕ್ಕಳ ಭೂತಪುಸ್ತಕಗಳಿಗಾಗಿ ಹುಟ್ಟಿದ್ದು. ಕಾಮಿಕ್ಸ್ ಚಿತ್ರಕಾರ ಮಿಜುಕಿ ಶಿಗೆರು (1922–2015) ಅದನ್ನು ಚಿತ್ರಿಸುವಾಗ ಕುನಿಯೋಶಿಯ ಅಸ್ಥಿಪಂಜರವನ್ನೇ ಮಾದರಿ ಮಾಡಿಕೊಂಡದ್ದರಿಂದ ಎರಡೂ ಬೆಸೆದುಹೋದವು. ಕುನಿಯೋಶಿ ತೋರಿಸಿದ್ದು ಬಂಡಾಯಗಾರ ತೈರಾ ನೋ ಮಸಾಕಾದೋನ ಮಗಳು ತಾಕಿಯಾಶಾ, ಪಾಳುಬಿದ್ದ ಸೋಮಾ ಅರಮನೆಯಲ್ಲಿ ಮಂತ್ರದ ಸುರುಳಿ ಓದಿ ಅಸ್ಥಿಪಂಜರ ಎಬ್ಬಿಸುವ ಸನ್ನಿವೇಶ. ಮೂಲ 1806ರ ಒಂದು ಕಾದಂಬರಿ. ಅದರಲ್ಲಿ ಇದ್ದದ್ದು ಸಾಮಾನ್ಯ ಗಾತ್ರದ ನೂರಾರು ಅಸ್ಥಿಪಂಜರ. ಅವನ್ನೆಲ್ಲ ಒಂದೇ ಮಹಾಕಾಯ ಮಾಡಿ ಎರಡು ಹಾಳೆ ತುಂಬುವಂತೆ ನಿಲ್ಲಿಸಿದ್ದು ಕುನಿಯೋಶಿಯ ಕಲ್ಪನೆ. ಈ ಚಿತ್ರದ ಶಕ್ತಿ ಇರುವುದು ಅಲ್ಲಿ. ಮಾರುವವರ ವಿವರಣೆಯಲ್ಲಿ 'ಗಾಶಾದೊಕುರೊ, 1845' ಅಂತ ಇದ್ದರೆ ಅವರಿಗೆ ಹಾಳೆ ಬಗ್ಗೆ ಗೊತ್ತಿಲ್ಲ ಅಂತ ಲೆಕ್ಕ.

ಕುನಿಯೋಶಿಯ ಬೆಕ್ಕಿನ ಚಿತ್ರಗಳಿಗೂ ಕಾಲದ ಹಿನ್ನೆಲೆ ಇದೆ. 1842ರಲ್ಲಿ ಸರ್ಕಾರದ ತೆನ್‌ಪೋ ಸುಧಾರಣೆಯ ಹೆಸರಲ್ಲಿ ನಾಟಕ ನಟರ, ಗಣಿಕೆಯರ ಚಿತ್ರ ನಿಷೇಧವಾಯಿತು. ಮೂರಕ್ಕಿಂತ ಹೆಚ್ಚು ಹಾಳೆ ಜೋಡಿಸಬಾರದು, ಬಣ್ಣದ ಅಚ್ಚು ಏಳೆಂಟಕ್ಕೆ ಮೀರಬಾರದು, ಬೆಲೆ 16 ಮೋನ್ (ಆಗಿನ ಸಣ್ಣ ನಾಣ್ಯ) ದಾಟಬಾರದು ಅಂತ ಕಟ್ಟಳೆ ಬಂತು. ಕುನಿಯೋಶಿ ಬೆಕ್ಕುಗಳಿಗೆ ನಟರ ಮುಖ ಕೊಟ್ಟ. 1840ರ ದಶಕದ ಕೊನೆಯಲ್ಲಿ ಗೋಡೆಯ ಮೇಲೆ ಮೊಳೆಯಿಂದ ಗೀಚಿದಂತೆ ನಟರನ್ನು ಬರೆದು, ನಡುವೆ ತಲೆಗೆ ಬಟ್ಟೆ ಕಟ್ಟಿ ಕುಣಿಯುವ ಬೆಕ್ಕು ನಿಲ್ಲಿಸಿದ ಹಾಳೆಗಳಂತೂ ಇವತ್ತಿನ ಕಾಮಿಕ್ಸ್ ಪಕ್ಕ ಇಟ್ಟರೆ ಹೊಂದುತ್ತವೆ. 1843ರ ಭೂಜೇಡ ಮತ್ತು ಭೂತಸೈನ್ಯದ ಮೂರು ಹಾಳೆಯ ಚಿತ್ರವನ್ನು ಜನ ಆಗಿನ ಸೇನಾ ಆಡಳಿತಗಾರ ಶೋಗನ್ ಮತ್ತು ಅವನ ಮಂತ್ರಿ ಮಿಜುನೋ ತಾದಾಕುನಿಯ ಮೇಲಿನ ಟೀಕೆ ಅಂತ ಓದಿಕೊಂಡರು. ಪ್ರಕಾಶಕ ಹೆದರಿ ಹಿಂತೆಗೆದುಕೊಂಡ, ಕಳ್ಳ ಪ್ರತಿಗಳು ಓಡಿದವು. ಅಂದರೆ ಈ ಚಿತ್ರಕ್ಕೆ ಆ ಕಾಲದ ನಕಲುಗಳೇ ಇವೆ. ಕಾಗದ, ಬಣ್ಣ ಎಲ್ಲ 1840ರ ದಶಕದವೇ, ಹಲಗೆ ಮಾತ್ರ ಬೇರೆ.

ಪದರಪದರ:

ಹಾಗಿದ್ದರೆ ಗೆರೆಗೆ ಗೆರೆ ಹೋಲಿಸುವುದೊಂದೇ ದಾರಿ. ಕ್ರಮ ಹೀಗೆ.

ಹಾಳೆಯ ಫೋಟೋವನ್ನು ನೇರ ಮೇಲಿನಿಂದ ತೆಗೆಯಿರಿ. ಫೋನಾದರೆ ಒಂದು ಮೀಟರ್ ದೂರ ನಿಂತು 2 ಪಟ್ಟು ಜೂಮ್ ಮಾಡಿ, ಹತ್ತಿರ ಹೋದರೆ ಅಂಚು ಬಾಗಿ ಹೋಲಿಕೆ ಕೆಡುತ್ತದೆ. ಉಕಿಯೋಎ ಡಾಟ್ ಆರ್ಗ್ ತಾಣದಲ್ಲಿ ಫೋಟೋ ಹಾಕಿದರೆ ಅದೇ ಚಿತ್ರದ ವಸ್ತುಸಂಗ್ರಹಾಲಯ ಪ್ರತಿಗಳನ್ನು ಹುಡುಕಿಕೊಡುತ್ತದೆ. ಬ್ರಿಟಿಷ್ ಮ್ಯೂಸಿಯಂ, ಬೋಸ್ಟನ್ ಲಲಿತಕಲಾ ಸಂಗ್ರಹಾಲಯ, ಕ್ಯೋತೋದ ರಿತ್ಸುಮೇಯ್‌ಕಾನ್ ವಿಶ್ವವಿದ್ಯಾಲಯದ ದತ್ತಸಂಚಯಗಳಲ್ಲಿ ದೊಡ್ಡ ಚಿತ್ರ ಸಿಗುತ್ತದೆ. ಒಂದಲ್ಲ, ಕನಿಷ್ಠ ಎರಡು ಪ್ರತಿ ಇಳಿಸಿಕೊಳ್ಳಿ.

ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಸಂಗ್ರಹಾಲಯದ ಪ್ರತಿ ಕೆಳಪದರ, ನಿಮ್ಮದು ಮೇಲ್ಪದರ. ಮೇಲಿನದರ ಪಾರದರ್ಶಕತೆ 50%. ದೂರದೂರದ ಎರಡು ಬಿಂದು ಆರಿಸಿ, ಈ ಚಿತ್ರದಲ್ಲಿ ಅಸ್ಥಿಪಂಜರದ ಹಲ್ಲುಸಾಲಿನ ತುದಿ ಮತ್ತು ಅದೇ ಹಾಳೆಯ ಕೆಳಭಾಗದ ಒಂದು ಗೆರೆಯ ತುದಿ ಚೆನ್ನಾಗಿ ಕೂರುತ್ತವೆ. ಅವೆರಡನ್ನು ಕೂಡಿಸಿ ಉಳಿದದ್ದು ನೋಡಿ. ಒತ್ತುವಾಗ ಕಾಗದ ಒದ್ದೆ ಇದ್ದು ಆಮೇಲೆ ಕುಗ್ಗುವುದರಿಂದ 1–2% ವ್ಯತ್ಯಾಸ ಬರುತ್ತದೆ. ಆದರೆ ಆ ವ್ಯತ್ಯಾಸ ಹಾಳೆಯುದ್ದಕ್ಕೂ ಒಂದೇ ದಿಕ್ಕಿನಲ್ಲಿ ನಿಧಾನವಾಗಿ ಬೆಳೆಯುತ್ತದೆ. ಮರುಕೆತ್ತನೆಯಲ್ಲಿ ಹಾಗಲ್ಲ: ಒಂದು ಗೆರೆ ಎಡಕ್ಕೆ, ಪಕ್ಕದ್ದು ಬಲಕ್ಕೆ, ಇನ್ನೊಂದು ತುಸು ಮೊಂಡು.

ಕೂದಲಿನ ಬುಡ ನೋಡಿ. ಹಣೆಯ ಅಂಚಿನ ಕೂದಲೆಳೆ ಕೆತ್ತುವುದು ನುರಿತ ಕೆತ್ತನೆಗಾರನ ಕೆಲಸ. ಅಲ್ಲಿ ಎಳೆಗಳ ಸಂಖ್ಯೆ, ಕವಲು, ಅಂತರ ಮರುಕೆತ್ತನೆಯಲ್ಲಿ ಹೊಂದುವುದೇ ಇಲ್ಲ. ಇನ್ನು ಗೆರೆ ತುಂಡಾದ ಜಾಗ. ಹಲಗೆಯ ಏಣು ಒಮ್ಮೆ ಮುರಿದರೆ ಆಮೇಲಿನ ಎಲ್ಲ ಪ್ರತಿಯಲ್ಲೂ ಅದೇ ಜಾಗದಲ್ಲಿ ಬಿರುಕು. ಸಂಗ್ರಹಾಲಯದ ಪ್ರತಿಯಲ್ಲಿರುವ ಬಿರುಕು ನಿಮ್ಮದರಲ್ಲೂ ಇದ್ದು, ಜೊತೆಗೆ ಹೊಸದಾಗಿ ನಾಲ್ಕು ಬಿರುಕಿದ್ದರೆ ಅದೇ ಹಲಗೆ, ತಡವಾದ ಒತ್ತು. ಅದರಲ್ಲಿರುವುದು ನಿಮ್ಮದರಲ್ಲಿ ಇಲ್ಲದಿದ್ದರೆ, ಒಂದೋ ನಿಮ್ಮದು ಇನ್ನೂ ಮೊದಲಿನ ಒತ್ತು, ಇಲ್ಲವೇ ಮರುಕೆತ್ತನೆ. ಅದನ್ನು ಕೂದಲೆಳೆ ತೀರ್ಮಾನಿಸುತ್ತದೆ.

ಬಣ್ಣ ಹೊಂದಲಿಲ್ಲ ಅಂತ ತಳ್ಳಿಹಾಕಬೇಡಿ. ಬೊಕಾಶಿ, ಅಂದರೆ ಗಾಢದಿಂದ ತಿಳಿಗೆ ಇಳಿಯುವ ಬಣ್ಣ, ಪ್ರತಿ ಸಲ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರಸಿ, ಕುಂಚದ ಒಂದು ಮೂಲೆಗೆ ಮಾತ್ರ ಬಣ್ಣ ಹಾಕಿ ಎಳೆಯುವುದರಿಂದ ಬರುತ್ತದೆ. ಎರಡು ಅಸಲಿ ಪ್ರತಿಗಳಲ್ಲಿ ಅದು ಬೇರೆಬೇರೆಯೇ ಇರುತ್ತದೆ. ಸಂಗ್ರಹಾಲಯದ ಪ್ರತಿಯ ಬೊಕಾಶಿ, ಅದರ ಕಲೆ ಸಮೇತ ನಿಮ್ಮದರಲ್ಲಿ ಕೂತರೆ ಅದು ಆ ಪ್ರತಿಯದೇ ಫೋಟೋ ಅಚ್ಚು.

ಬಣ್ಣದಬಟ್ಟಲು:

ಬಣ್ಣದಿಂದಲೂ ಒಂದಿಷ್ಟು ಕಾಲ ಸಿಗುತ್ತದೆ. ಬೆರೋ ಎಂದು ಕರೆಯುತ್ತಿದ್ದ ಪ್ರಷ್ಯನ್ ನೀಲಿ ಎದೋದ ಮುದ್ರಣದಲ್ಲಿ ಧಾರಾಳವಾಗಿ ಬಂದದ್ದು 1830ರ ಸುಮಾರಿನಿಂದ. ಅದು ಬೆಳಕಿಗೆ ಗಟ್ಟಿ. ಅದಕ್ಕೂ ಮೊದಲಿನ ತ್ಸುಯುಕುಸಾ ಹೂವಿನ ನೀಲಿ ನೀರು ತಾಗಿದರೆ ಓಡುತ್ತದೆ, ಬೆಳಕಿಗೆ ಮಂಕಾಗಿ ಬೂದುಗಂದು ಆಗುತ್ತದೆ. ಕುಸುಬೆ ಹೂವಿನ ಕೆಂಪು, ಬೆನಿ, ಮೊದಲು ಹೋಗುವ ಬಣ್ಣ. ತುಟಿ, ಸೆರಗು ಎಲ್ಲ ಹೊಳೆಹೊಳೆಯುವ ಕೆಂಪಾಗಿದ್ದು ಕಾಗದ ಮಾತ್ರ ಕಂದಾಗಿದ್ದರೆ ಚಹಾದಲ್ಲಿ ಅದ್ದಿದ ಕಾಗದವಿರಬಹುದು. ಚಹಾದ ಕಂದು ಹಿಂದೆ ಮುಂದೆ ಒಂದೇ ಸಮ ಇರುತ್ತದೆ. ನಿಜವಾಗಿ ವಯಸ್ಸಾದ ಕಾಗದ ಅಂಚಿನಲ್ಲಿ ಹೆಚ್ಚು, ಒಳಗೆ ಕಡಿಮೆ.

ಕಣ್ಣು ಕುಕ್ಕುವ ಕೆನ್ನೇರಳೆ, ಗುಲಾಬಿ ಮಿಶ್ರಿತ ಕೆಂಪು ರಾಸಾಯನಿಕ ಬಣ್ಣಗಳು ಬಂದದ್ದು 1860ರ ದಶಕದ ನಡುವಿನಿಂದ. ಕುನಿಯೋಶಿ 1861ರಲ್ಲೇ ತೀರಿಕೊಂಡ. ಅವನ ಹೆಸರಿನ ಹಾಳೆಯಲ್ಲಿ ಆ ಕೆನ್ನೇರಳೆ ಇದ್ದರೆ ಅವನು ಹೋದ ಮೇಲೆ ಒತ್ತಿದ್ದು. ಸೀಸದ ಕಿತ್ತಳೆ ಬಣ್ಣ ಕಪ್ಪಾಗಿರುವುದು ಹಾನಿಯಂತೆ ಕಾಣುತ್ತದೆ, ಅದು ಗಾಳಿಯಲ್ಲಿನ ಗಂಧಕಕ್ಕೆ ಸೀಸ ತೋರಿದ ಪ್ರತಿಕ್ರಿಯೆ. ಅದನ್ನು ಯಾವುದರಿಂದಲೂ ಉಜ್ಜಬೇಡಿ.

ಕಡಲತಡಿ:

ಇಟ್ಟುಕೊಳ್ಳುವ ವಿಷಯ ಹೇಳಿ. ಉಡುಪಿ, ಮಂಗಳೂರು ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದವೆಲ್ಲ ಮೆತ್ತಗಾಗುತ್ತದೆ, ಪುಸ್ತಕಕ್ಕೆ ಬೂಷ್ಟು ಬರುತ್ತದೆ. ಗೋಡೆಗೆ ಹಾಕುವುದಾ, ಪೆಟ್ಟಿಗೆಯಾ?

ಕಾಗದಕೈ:

ಕರಾವಳಿಯಲ್ಲಾದರೆ ಮಳೆಗಾಲದಲ್ಲಿ ಪೆಟ್ಟಿಗೆ, ಚಳಿಗಾಲದಲ್ಲಿ ಬೇಕಾದರೆ ಗೋಡೆ. ತೇವಾಂಶ 65% ದಾಟಿ ನಿಂತರೆ ಬೂಷ್ಟು ಶುರು, 45–55% ಇದ್ದರೆ ಕಾಗದ ಆರಾಮ. ಹೊರಗೋಡೆಗೆ ಮಾತ್ರ ಯಾವ ಕಾಲದಲ್ಲೂ ಹಾಕಬೇಡಿ. ಗೋಡೆ ತಣ್ಣಗಿದ್ದು ಚೌಕಟ್ಟಿನ ಹಿಂದೆ ತೇವ ಕೂರುತ್ತದೆ.

ಪೆಟ್ಟಿಗೆ 60 × 45 × 10 ಸೆಂ.ಮೀ. ಅಂದರೆ 27 ಲೀಟರ್ ಜಾಗ. ಲೀಟರಿಗೆ 20 ಗ್ರಾಂ ಲೆಕ್ಕದಲ್ಲಿ ಸಿಲಿಕಾ ಜೆಲ್ 540 ಗ್ರಾಂ ಬೇಕು. ನೀಲಿ ಮಣಿ ಬೇಡ, ಅದರಲ್ಲಿ ಕೋಬಾಲ್ಟ್ ಇದೆ. ಕಿತ್ತಳೆ ಅಥವಾ ಬಿಳಿ ತಗೊಳ್ಳಿ. ಹುರಿದ ಜೆಲ್ಲನ್ನು ಹಾಗೇ ಹಾಕುವುದು ಎಲ್ಲರೂ ಮಾಡುವ ತಪ್ಪು. ಅದು ಪೆಟ್ಟಿಗೆಯೊಳಗಿನ ತೇವವನ್ನು 20–30%ಕ್ಕೆ ಇಳಿಸಿ ಕಾಗದವನ್ನು ಗರಿಗರಿ ಮಾಡುತ್ತದೆ, ಅಸ್ತರು ಎಳೆದು ಹಾಳೆ ಸುರುಳಿಯಾಗುತ್ತದೆ. 110–120 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ ಒಣಗಿಸಿದ ಮೇಲೆ ತಟ್ಟೆಯಲ್ಲಿ ಹರಡಿ ಗಾಳಿಗೆ ಬಿಡಿ. ಆಗಾಗ ಒಂದು ಹಿಡಿಯನ್ನು ತೇವಮಾಪಕದ ಜೊತೆ ಜಿಪ್ ಚೀಲದಲ್ಲಿ ಮುಚ್ಚಿಟ್ಟು ನೋಡಿ. ಒಳಗಿನ ಅಂಕಿ 50ರ ಹತ್ತಿರ ನಿಂತಾಗ ಎಲ್ಲವನ್ನೂ ಬಟ್ಟೆ ಚೀಲಕ್ಕೆ ತುಂಬಿ ಪೆಟ್ಟಿಗೆಗೆ ಹಾಕಿ. ಹಾಳೆಗೆ ತಾಗಬಾರದು. ತೇವಮಾಪಕ ಪೆಟ್ಟಿಗೆಯಲ್ಲೇ ಇರಲಿ, ವಾರಕ್ಕೊಮ್ಮೆ ನೋಡಿ, 60 ದಾಟಿದರೆ ಮತ್ತೆ ಒಣಗಿಸಿ.

ಹಾಳೆಗಳ ನಡುವೆ ಆಮ್ಲರಹಿತ ತೆಳು ಕಾಗದ, ಅಥವಾ ಪಾಲಿಯೆಸ್ಟರ್ ಲಕೋಟೆ. ಪಿವಿಸಿ ಫೈಲು ಬೇಡ, ವರ್ಷ ಕಳೆದಂತೆ ಬಣ್ಣ ಅದಕ್ಕೆ ಅಂಟುತ್ತದೆ. ನುಸಿಗುಳಿಗೆ, ಬೇವಿನ ಎಲೆ ಎರಡೂ ಬೇಡ. ತಾಳೆಗರಿ ಕಟ್ಟಿಗೆ ಬಜೆ ಬೇರು ಹಾಕುವ ರೂಢಿ ನಮ್ಮಲ್ಲಿದೆ, ಆದರೆ ಬಣ್ಣದ ಹಾಳೆಗೆ ಎಲೆ, ಬೇರು ತಾಗಿದರೆ ಕಲೆ. ಬೆಳ್ಳಿಮೀನು ಹುಳಕ್ಕೆ ಗಂಜಿ ಇಷ್ಟ, ಈ ಕಾಗದದಲ್ಲಿ, ಅಸ್ತರಿನಲ್ಲಿ ಇರುವುದೂ ಅಂಟೇ. ಹುಳ ಕಂಡರೆ ಹಾಳೆಯನ್ನು ರಟ್ಟುಗಳ ನಡುವೆ ಇಟ್ಟು, ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 18–20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು, ಬಿಚ್ಚಿದರೆ ಇಬ್ಬನಿ ಹಾಳೆಯ ಮೇಲೆಯೇ ಕೂರುತ್ತದೆ. ಹುಳ, ಮೊಟ್ಟೆ ಸಾಯುತ್ತವೆ, ಬೂಷ್ಟು ಸಾಯುವುದಿಲ್ಲ.

ಗೋಡೆಗೆ ಹಾಕುವುದಾದರೆ ಪೂರ್ಣ ಹತ್ತಿಯ ರಟ್ಟು, ಕಿಟಕಿ ಕತ್ತರಿಸಿದ ಮೇಲ್ರಟ್ಟು, ಅತಿನೇರಳೆ ತಡೆಯುವ ಗಾಜು. ಗಾಜಿಗೂ ಹಾಳೆಗೂ ಕನಿಷ್ಠ 3 ಮಿ.ಮೀ. ಅಂತರ. ಬೆಳಕು ಮಂದವಾಗಿ 50 ಲಕ್ಸ್ (ಬೆಳಕಿನ ಅಳತೆ), ವರ್ಷಕ್ಕೆ ಮೂರು ತಿಂಗಳು ಸಾಕು. ಹಾಳೆ ನಿಲ್ಲಿಸಲು ಮೇಲಂಚಿಗೆ ಮಾತ್ರ ಎರಡು ಕೋಜೋ ಕಾಗದದ ತುಂಡು, 2.5 × 4 ಸೆಂ.ಮೀ., ಕತ್ತರಿಸದೆ ನೀರಿನ ಗೆರೆ ಎಳೆದು ಹರಿದದ್ದು. ಹಾಳೆಯ ಹಿಂಬದಿಗೆ 3–4 ಮಿ.ಮೀ. ಮಾತ್ರ ಅಂಟಲಿ. ನಾಲ್ಕೂ ಕಡೆ ಅಂಟಿಸಿದರೆ ಮಳೆಗಾಲದಲ್ಲಿ ಹಿಗ್ಗಲು ಜಾಗವಿಲ್ಲದೆ ನಡುವೆ ಉಬ್ಬುತ್ತದೆ. ಹರಿದ ಅಂಚು ಯಾಕೆಂದರೆ, ಕತ್ತರಿಸಿದ ನೇರ ಅಂಚು ಮುಂದೆ ಚಿತ್ರದ ಕಡೆ ಗೆರೆಯಾಗಿ ಮೂಡುತ್ತದೆ.

ಅಂಟು ಗೋಧಿ ಪಿಷ್ಟದ್ದು. ಮೈದಾ ಅಲ್ಲ, ಮೈದಾದಲ್ಲಿ ಅಂಟುಪ್ರೋಟೀನ್ ಇದ್ದು ಹಳದಿಯಾಗುತ್ತದೆ, ಹುಳ ಬರುತ್ತದೆ. 20 ಗ್ರಾಂ ಪಿಷ್ಟ, 100 ಮಿ.ಲೀ. ಶುದ್ಧ ನೀರು. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಬಿಡದೆ ತಿರುವುತ್ತ ಇನ್ನೊಂದು ಅರ್ಧ ಗಂಟೆ, ಹಾಲುಬಿಳಿ ಹೋಗಿ ಅರೆಪಾರದರ್ಶಕ ಆಗುವವರೆಗೆ. ಆರಿದ ಮೇಲೆ ಸಣ್ಣ ಜರಡಿಯಲ್ಲಿ ಮೂರು ಸಲ ಒತ್ತಿ ಸೋಸಿ, ಹಚ್ಚುವ ಮುನ್ನ ನೀರು ಬೆರೆಸಿ ಕೆನೆಯ ಹದಕ್ಕೆ ತನ್ನಿ. ಬೈಂಡಿಂಗ್ ಅಂಗಡಿಗಳಲ್ಲಿ ಬೆರೆಸುವ ಮೈಲುತುತ್ತ ಬೇಡವೇ ಬೇಡ, ತಾಮ್ರ ಕಾಗದವನ್ನು ತಿನ್ನುತ್ತದೆ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ.

ನೇಕೋಮಾತಾ:

ಹುಳದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಕುನಿಯೋಶಿಯ ಶಿಷ್ಯ ತ್ಸುಕಿಯೋಕಾ ಯೋಶಿತೋಶಿಯ 36 ಭೂತಗಳ ಸರಣಿಯಲ್ಲಿ (1889–1892) ಚಿತ್ರದ ಚೌಕಟ್ಟಿನ ಗೆರೆಯನ್ನೇ ಹುಳ ತಿಂದಂತೆ ವಿನ್ಯಾಸ ಮಾಡಿದ್ದಾನೆ. ಮೂಲೆಗಳು ಕೊರೆದುಹೋದಂತೆ ಕಾಣುತ್ತವೆ. ಅದನ್ನು ಹಾನಿ ಅಂತ ತಿಳಿದು ಬಣ್ಣ ತುಂಬಿ 'ದುರಸ್ತಿ' ಮಾಡಿದ ಹಾಳೆಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಬೆಳಕಿಗೆ ಹಿಡಿದರೆ ನಿಜವಾದ ತೂತಿನಿಂದ ಬೆಳಕು ಬರುತ್ತದೆ, ವಿನ್ಯಾಸದಿಂದ ಬರುವುದಿಲ್ಲ.

ಕಡಲತಡಿ:

ಕೊನೆಯ ಪ್ರಶ್ನೆ. ಹಿಂದೆ ಸೆಲ್ಲೋಟೇಪ್ ಹಾಕಿ ರಟ್ಟಿಗೆ ಅಂಟಿಸಿದ ಹಾಳೆಯನ್ನು ಬಿಡಿಸಬಹುದಾ? ಬಿಸಿನೀರಿನ ಹಬೆ ಹಿಡಿಯಿರಿ ಅಂತ ವೀಡಿಯೊ ಒಂದರಲ್ಲಿತ್ತು.

ಕಾಗದಕೈ:

ಹಬೆ ಬೇಡ. ಟೇಪಿನ ಅಂಟು ನೀರಿಗೆ ಕರಗುವುದಿಲ್ಲ, ಬೆನಿ ಕೆಂಪು ಮತ್ತು ಹೂವಿನ ನೀಲಿ ಕರಗುತ್ತವೆ. ಟೇಪ್ ಹಾಗೇ ಇರುತ್ತದೆ, ಬಣ್ಣ ಓಡುತ್ತದೆ. ಅಸಿಟೋನ್ ಕೂಡ ಮನೆಯಲ್ಲಿ ಹಚ್ಚಬೇಡಿ. ಹಳೆಯ ಟೇಪಿನ ಕಂದು ಅಂಟನ್ನು ಅದು ಕರಗಿಸಿ ನಾರಿನೊಳಕ್ಕೆ ಇಳಿಸುತ್ತದೆ, ಮುಂಬದಿಗೆ ಎಣ್ಣೆ ಕಲೆಯಂತೆ ಮೂಡಿದರೆ ಮತ್ತೆ ಹೋಗುವುದಿಲ್ಲ.

ನೀವು ಮಾಡಬಹುದಾದದ್ದು, ಟೇಪಿನ ಪ್ಲಾಸ್ಟಿಕ್ ತಾನಾಗಿ ಒಣಗಿ ಏಳುತ್ತಿದ್ದರೆ ಅದನ್ನು ಚಪ್ಪಟೆ ಚಿಮಟದಿಂದ ಹಾಳೆಗೆ ಸಮಾನಾಂತರವಾಗಿ, ಹಿಂದಕ್ಕೆ ಮಡಚಿ ನಿಧಾನ ಎಳೆಯುವುದು. ಏಳದಿದ್ದರೆ ಕೈ ಬಿಡಿ. ರಟ್ಟು ಅಂಟಿದ್ದರೆ ಹಾಳೆಯನ್ನು ರಟ್ಟಿನಿಂದ ಎಳೆಯಬಾರದು, ರಟ್ಟನ್ನು ಹಾಳೆಯಿಂದ ತೆಗೆಯಬೇಕು: ಚಿತ್ರ ಕೆಳಮುಖವಾಗಿ ನುಣುಪು ಕಾಗದದ ಮೇಲೆ ಇಟ್ಟು, ಮೊಂಡಾದ ತೆಳು ಅಲಗಿನಿಂದ ರಟ್ಟಿನ ಪದರಗಳನ್ನು ಒಂದೊಂದಾಗಿ ಒಣಗೇ ಸಿಪ್ಪೆ ತೆಗೆಯುತ್ತ ಬಂದು, ಕೊನೆಯ ಪದರ ಉಳಿದಾಗ ನಿಲ್ಲಿಸಿ. ಆ ಕೊನೆಯ ಪದರ ಮತ್ತು ಟೇಪಿನ ಅಂಟು ಕಾಗದ ಸಂರಕ್ಷಕರ ಕೆಲಸ. ಅವರಿಗೆ ಕೊಡುವ ಮುಂಚೆ ಹಿಂಬದಿ ಮುಂಬದಿ ಎರಡರ ಫೋಟೋ, ಓರೆ ಬೆಳಕಿನಲ್ಲೂ ಒಂದು, ತೆಗೆದಿಟ್ಟುಕೊಳ್ಳಿ.